ಒಂದು ಅಕ್ಷರ, ಒಂದು ಅಂಕಿ, ಒಂದು ಸೀಟು

ಅರ್ಜಿಯ ದಿನಗಳು ಬಂದರೆ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಈ ನಾಲ್ಕೂ ಊರುಗಳ ಝೆರಾಕ್ಸ್ ಅಂಗಡಿಗಳ ಮುಂದೆ ಒಂದೇ ಚಿತ್ರ. ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ಹಿಡಿದ ತಂದೆ, ಪಕ್ಕದಲ್ಲಿ ಮಗನೋ ಮಗಳೋ, ಒಳಗೆ ಗಣಕಯಂತ್ರದ ಮುಂದೆ ಊಟಕ್ಕೂ ಏಳದೆ ಕೂತ ಹುಡುಗ. ಗೋಡೆಗೆ ಅಂಟಿಸಿದ ಹಾಳೆಯ ಮೇಲೆ 'ಸಿಇಟಿ, ನೀಟ್, ಡಿಗ್ರಿ, ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡಲಾಗುವುದು' ಎಂದಿರುತ್ತದೆ. ಹಿಂದೆ ಹತ್ತು ಜನ ನಿಂತಿರುತ್ತಾರೆ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ.

"ಅಪ್ಪಾ, ನನ್ನ ಹೆಸರಿನಾಗ ಒಂದ್ ಅಕ್ಷರ ಬಿಟ್ಟೈತಿ ನೋಡ್ರಿ" ಎಂದು ಮಗಳು ಪರದೆಯತ್ತ ಬೊಟ್ಟು ಮಾಡುತ್ತಾಳೆ.

"ಇರ್ಲಿ ಬಿಡವ್ವ, ಒಂದ್ ಅಕ್ಷರದ್ದೇನೈತಿ. ನೀ ಅಂತೂ ನೀನ ಅಲ್ಲೇನ?"

ತಂದೆಯ ಮಾತಿನಲ್ಲಿ ತಪ್ಪಿಲ್ಲ. ಊರಿನಲ್ಲಿ ಆಕೆ ಯಾರ ಮಗಳು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅರ್ಜಿ ಓದುವುದು ಊರಿನವರಲ್ಲ, ಯಂತ್ರ. ಅದಕ್ಕೆ ಬಸವರಾಜನೂ ಗೊತ್ತಿಲ್ಲ, ಬಸವರಾಜನ ಅಪ್ಪನೂ ಗೊತ್ತಿಲ್ಲ. ಒಂದು ಕಡೆಯ ಅಕ್ಷರಸಾಲು ಇನ್ನೊಂದು ಕಡೆಯ ಅಕ್ಷರಸಾಲಿಗೆ ಸರಿಹೊಂದುತ್ತದೆಯೋ ಇಲ್ಲವೋ ಎಂಬುದಷ್ಟೇ ಅದರ ವಿಚಾರ.

1994ರಲ್ಲಿ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಶುರುವಾದಾಗ ಅರ್ಜಿಯೆಂದರೆ ಅಚ್ಚಾದ ನಮೂನೆ. ತಪ್ಪು ಆಗಲೂ ಆಗುತ್ತಿತ್ತು. ಆದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದರೆ ಮೇಜಿನ ಆಚೆ ಒಬ್ಬ ಮನುಷ್ಯ ಇರುತ್ತಿದ್ದ. ಮೂಲ ಅಂಕಪಟ್ಟಿ ತೋರಿಸಿ, ಕೈಮುಗಿದು, 'ಸಾಹೇಬ್ರ, ಕೈತಪ್ಪಿನಿಂದ ಆಗೇತ್ರಿ' ಎನ್ನಬಹುದಿತ್ತು. ಈಗ ಆ ಓಡಾಟ ತಪ್ಪಿದೆ, ಅದು ಒಳ್ಳೆಯದೇ. ಅದರ ಜೊತೆಗೆ ಕೈಮುಗಿಯುವ ಮೇಜೂ ಇಲ್ಲವಾಗಿದೆ. ಆದ್ದರಿಂದ ಅರ್ಜಿ ಕೈಬಿಟ್ಟು ಹೋಗುವ ಮೊದಲಿನ ಅರ್ಧ ಗಂಟೆಗೆ ಹಿಂದೆಂದೂ ಇಲ್ಲದ ಬೆಲೆ ಬಂದಿದೆ.

ಹೆಸರೆಂಬ ಗೋಜಲು

ಎಲ್ಲಕ್ಕಿಂತ ಹೆಚ್ಚು ತಕರಾರು ಹುಟ್ಟುವುದು ಹೆಸರಿನಲ್ಲಿ. ನಮ್ಮ ಸೀಮೆಯಲ್ಲಿ ಹೆಸರಿಗೆ ಮೂರು ತುಂಡು: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಬಿರಾದಾರ, ಪಾಟೀಲ, ಹಿರೇಮಠ, ರಾಠೋಡ, ಚವ್ಹಾಣ, ನಾಟೀಕಾರ, ಹೀಗೆ ಅಡ್ಡಹೆಸರಿಲ್ಲದ ಮನೆ ಕಡಿಮೆ. ಸಾಲಿಯ ದಾಖಲೆಯಲ್ಲಿ ಒಬ್ಬ ಮಾಸ್ತರರು ಅಡ್ಡಹೆಸರನ್ನು ಕೊನೆಗೆ ಬರೆದಿರುತ್ತಾರೆ. ಇನ್ನೊಂದು ದಾಖಲೆಯಲ್ಲಿ ಅದು ಮೊದಲಿಗೆ ಬಂದಿರುತ್ತದೆ. ಆಧಾರ್ ಮಾಡಿಸುವಾಗ ತಂದೆಯ ಹೆಸರು ಪೂರ್ತಿ ಇದ್ದದ್ದು ಅಂಕಪಟ್ಟಿಯಲ್ಲಿ ಒಂದೇ ಅಕ್ಷರವಾಗಿ ಕುಗ್ಗಿರುತ್ತದೆ. ಬೆಂಗಳೂರು ಮೈಸೂರು ಕಡೆಯವರಂತೆ ಇನಿಷಿಯಲ್ ಹಾಕುವ ರೂಢಿಯೂ ಈಗ ಇತ್ತ ಬಂದು ಗೋಜಲು ಇನ್ನಷ್ಟು ಬಿಗಿದಿದೆ.

ಇದರ ಮೇಲೆ ಇಂಗ್ಲಿಷ್ ಕಾಗುಣಿತ. ಕನ್ನಡದಲ್ಲಿ 'ಬಸವರಾಜ' ಎಂಬುದು ಒಂದೇ. ಇಂಗ್ಲಿಷಿನಲ್ಲಿ 'ವ'ಗೆ ಒಬ್ಬರು 'ವಿ' ಹಾಕುತ್ತಾರೆ, ಸೊಲ್ಲಾಪುರದ ಗಾಳಿ ಬೀಸುವ ಇಂಡಿಯ ಕಡೆ ಮರಾಠಿಯವರ ರೀತಿಯಲ್ಲಿ 'ಡಬ್ಲ್ಯೂ' ಹಾಕುವವರೂ ಇದ್ದಾರೆ. ಕೊನೆಗೊಂದು 'ಎ' ಕೆಲವರಿಗೆ ಬೇಕು, ಕೆಲವರಿಗೆ ಬೇಡ. ಶಿವನಗೌಡ ಎಂಬ ಹೆಸರನ್ನು ಎಷ್ಟು ಬಗೆಯಲ್ಲಿ ಬರೆಯಬಹುದೆಂದು ಮನೆಯಲ್ಲಿ ಕೂತು ಎಣಿಸಿ ನೋಡಿ, ಸಂಜೆ ಕಳೆಯುತ್ತದೆ.

ಹಾಗಾದರೆ ಯಾವುದನ್ನು ಹಿಡಿಯುವುದು? ಉತ್ತರ ಸರಳ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವೂ ಅದನ್ನೇ ಆಧಾರವಾಗಿ ಹಿಡಿಯುತ್ತದೆ. ಅದರಲ್ಲಿ ಹೆಸರು ಹೇಗಿದೆಯೋ, ಅಕ್ಷರದ ನಡುವಿನ ಖಾಲಿ ಜಾಗ ಎಲ್ಲಿದೆಯೋ, ಚುಕ್ಕೆ ಇದೆಯೋ ಇಲ್ಲವೋ, ಹಾಗೆಯೇ ಅರ್ಜಿಯಲ್ಲೂ ಬರಬೇಕು. 'ನಮ್ಮ ಹುಡುಗನ ಖರೇ ಹೆಸರು ಇದಲ್ಲ' ಎಂಬ ವಾದವನ್ನು ಅರ್ಜಿ ತುಂಬುವ ದಿನ ಎತ್ತಿ ಫಲವಿಲ್ಲ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಅದನ್ನು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಬರೆದು ತಿದ್ದಿಸಬೇಕು. ಅದು ನಾಲ್ಕು ದಿನದ ಕೆಲಸವಲ್ಲ. ಮಕ್ಕಳು ಹತ್ತನೆಯ ತರಗತಿಯಲ್ಲಿದ್ದಾಗಲೇ, ಶಾಲೆಯಿಂದ ಹೆಸರಿನ ಪಟ್ಟಿ ಹೋಗುವ ಮೊದಲೇ ಒಮ್ಮೆ ನೋಡಿಕೊಂಡ ಪಾಲಕರು ಜಾಣರು.

ಆಧಾರ್ ಕಾರ್ಡನ್ನು ಅಂಕಪಟ್ಟಿಗೆ ಸರಿಹೊಂದಿಸುವುದು ಸುಲಭ, ಆದರೆ ಅವಸರ ಸಲ್ಲದು. ಆಧಾರ್‌ನಲ್ಲಿ ಹೆಸರನ್ನು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಮೊದಲ ಸಲವೇ ಅಂಕಪಟ್ಟಿ ಎದುರಿಗಿಟ್ಟುಕೊಂಡು ಸರಿಮಾಡಿಸಬೇಕು. ಈ ಕೆಲಸ ಸೀಟಿಗೆ ಮಾತ್ರವಲ್ಲ, ಮುಂದೆ ವಿದ್ಯಾರ್ಥಿವೇತನಕ್ಕೂ ಬೇಕು. ಹೆಸರು ಒಂದಕ್ಕೊಂದು ಕೂಡದೆ ಸ್ಕಾಲರ್‌ಶಿಪ್ ಅರ್ಜಿ ನಿಂತು, ಕಾಲೇಜು ಫೀಗೆ ಬಡ್ಡಿ ಸಾಲ ತೆಗೆದ ಮನೆಗಳು ಈ ಭಾಗಕ್ಕೆ ಹೊಸದಲ್ಲ.

ಹುಟ್ಟಿದ ದಿನಾಂಕದ ಕಥೆಯೂ ಹೀಗೆಯೇ. ಹಿಂದಿನ ತಲೆಮಾರಿನಲ್ಲಿ ಅರ್ಧ ಊರು ಜೂನ್ 1ರಂದು ಹುಟ್ಟಿದ್ದು, ಏಕೆಂದರೆ ಸಾಲಿಗೆ ಸೇರಿಸಿಕೊಂಡ ಮಾಸ್ತರರು ಬರೆದ ತಾರೀಖು ಅದು. ಇಂದಿನ ಮಕ್ಕಳಿಗೆ ಜನನ ಪ್ರಮಾಣಪತ್ರ ಇದ್ದರೂ ಕೆಲವರ ಹಳೆಯ ಆಧಾರ್‌ನಲ್ಲಿ ಬರೀ ಇಸವಿ ಇರುವುದುಂಟು. ಜೂನ್ 1 ಎಂಬುದನ್ನು ತಿಂಗಳು ಮೊದಲು, ದಿನ ಆಮೇಲೆ ಎಂದು ತುಂಬಿದರೆ ಅದು ಜನವರಿ 6 ಆಗುತ್ತದೆ. ಯಂತ್ರ ಇದನ್ನು ತಪ್ಪೆಂದು ಹೇಳುವುದಿಲ್ಲ. ಜನವರಿ 6 ಕೂಡ ಒಂದು ತಾರೀಖೇ. ಮೂವತ್ತೊಂದನೆಯ ತಾರೀಖಿಗೆ ಹುಟ್ಟಿದವರು ಪುಣ್ಯವಂತರು, ಅದಲುಬದಲಾದರೆ ಅವರ ಅರ್ಜಿ ಅಲ್ಲೇ ನಿಲ್ಲುತ್ತದೆ!

ವಿಜಯಪುರವೋ, ವಿಜಯನಗರವೋ

ಊರಿನ ಹೆಸರೂ ಕಾಡುತ್ತದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಆದರೂ ತಂದೆತಾಯಿಗಳ ಹಳೆಯ ಕಾಗದಪತ್ರಗಳಲ್ಲಿ ಬಿಜಾಪುರವೇ ಇದೆ. ಅದಕ್ಕೆ ಹೆದರಬೇಕಿಲ್ಲ, ಬದಲಾದ ಹೆಸರು ಸರ್ಕಾರಕ್ಕೂ ಗೊತ್ತು. ಹೆದರಬೇಕಾದದ್ದು ಪರದೆಯ ಮೇಲೆ ಇಳಿಬೀಳುವ ಪಟ್ಟಿಗೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಹುಟ್ಟಿತು. ಪಟ್ಟಿಯಲ್ಲಿ ವಿಜಯನಗರ, ವಿಜಯಪುರ ಒಂದರ ಕೆಳಗೊಂದು ಕೂತಿರುತ್ತವೆ. ಇಲಿ ಒಂದು ಗೆರೆ ಮೇಲೆ ಸರಿದರೆ ಹುಡುಗಿ ಹೊಸಪೇಟೆಯವಳಾಗಿಬಿಡುತ್ತಾಳೆ. ಇನ್ನು ವಿಜಯಪುರ ಎಂಬ ಊರು ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದಿದೆ. ಬಾಗೇವಾಡಿ ಎಂದಷ್ಟೇ ಹೇಳಿದರೆ ಬೆಳಗಾವಿಯ ಪಕ್ಕದ ಹಿರೇಬಾಗೇವಾಡಿಯನ್ನು ನೆನೆಯುವವರೂ ಇದ್ದಾರೆ.

ತಾಲ್ಲೂಕುಗಳು ಒಡೆದದ್ದು ಇನ್ನೊಂದು. ಈಚಿನ ವರ್ಷಗಳಲ್ಲಿ ಇಂಡಿಯಿಂದ ಚಡಚಣ ಬೇರೆಯಾಯಿತು, ಸಿಂದಗಿಯಿಂದ ದೇವರಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ. ಆದ್ದರಿಂದ ಒಂದೇ ಮನೆಯ ಅಣ್ಣನ ಜಾತಿ ಪ್ರಮಾಣಪತ್ರದಲ್ಲಿ ಮುದ್ದೇಬಿಹಾಳ ತಾಲ್ಲೂಕು, ತಂಗಿಯದರಲ್ಲಿ ತಾಳಿಕೋಟೆ ತಾಲ್ಲೂಕು. ಅಣ್ಣನ ಅರ್ಜಿ ನೋಡಿಕೊಂಡು ತಂಗಿಯ ಅರ್ಜಿ ತುಂಬುವುದು ನಮ್ಮಲ್ಲಿ ರೂಢಿ. ಅಲ್ಲೇ ಎಡವುವುದು. ಪ್ರತಿಯೊಬ್ಬರ ಅರ್ಜಿಗೂ ಅವರವರ ಪ್ರಮಾಣಪತ್ರವೇ ಎದುರಿಗಿರಬೇಕು.

ಹೌದು, ಇಲ್ಲ

ಅಕ್ಷರದ ತಪ್ಪನ್ನಾದರೂ ಅಂಕಪಟ್ಟಿ ತೋರಿಸಿ ತಿದ್ದಿಸಿಕೊಳ್ಳಬಹುದು. 'ಹೌದು' ಎನ್ನಬೇಕಾದಲ್ಲಿ 'ಇಲ್ಲ' ಎಂದದ್ದು ಸೀಟನ್ನೇ ಕಸಿಯುತ್ತದೆ. ಅವಸರದಲ್ಲಿ ಅಂಗಡಿಯ ಹುಡುಗ ಸಾಲಾಗಿ 'ಇಲ್ಲ, ಇಲ್ಲ, ಇಲ್ಲ' ಎಂದು ಒತ್ತುತ್ತ ಹೋಗುವುದು ಇಲ್ಲಿಯೇ.

ಸಿಇಟಿ ಮೂಲಕ ಹಂಚುವ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತೂ ವರ್ಷ ಲೆಕ್ಕ. ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ಕನ್ನಡ ಶಾಲೆಯಲ್ಲೇ ಓದಿ ಬಂದ ಮಕ್ಕಳಿಗೆ ಇದು ಭಿಕ್ಷೆಯಲ್ಲ, ಹಕ್ಕು. ಎಷ್ಟೋ ಮಂದಿ ಕೇಳದೆಯೇ ಬಿಟ್ಟುಕೊಡುತ್ತಾರೆ. ಇನ್ನು ಕೆಲವರು ಇಲ್ಲದ್ದನ್ನು ಕೇಳಿ ಸಿಕ್ಕಿಬೀಳುತ್ತಾರೆ. ಹಳ್ಳಿಯಲ್ಲಿ ಏಳನೆಯವರೆಗೆ ಓದಿ, ಹಾಸ್ಟೆಲಿನಲ್ಲಿದ್ದು ಇಂಡಿ ಪಟ್ಟಣದ ಹೈಸ್ಕೂಲಿಗೆ ಹೋದ ಹುಡುಗ ತಾನು ಹಳ್ಳಿಯವನೆಂದು ಎದೆತಟ್ಟಿ ಹೇಳಬಹುದು, ಆದರೆ ಗ್ರಾಮೀಣ ಮೀಸಲಿಗೆ ಅವನು ಬರುವುದಿಲ್ಲ. ಇಲ್ಲಿ ನೋಡುವುದು ಮನೆಯ ಊರನ್ನಲ್ಲ, ಶಾಲೆಯ ಊರನ್ನು. ಗ್ರಾಮ ಪಂಚಾಯಿತಿಯಿದ್ದ ಊರು ಪಟ್ಟಣ ಪಂಚಾಯಿತಿಯಾಗಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳಿತು. ವ್ಯಾಸಂಗ ಪ್ರಮಾಣಪತ್ರಕ್ಕೆ ಹೇಗೂ ಆ ಕಚೇರಿಯ ಮೇಲುಸಹಿ ಬೇಕು.

ತಾಂಡಾಗಳ ಮಕ್ಕಳ ಪಾಡು ಇನ್ನೂ ಸೂಕ್ಷ್ಮ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋಗುವ ತಂದೆತಾಯಿಗಳ ಜೊತೆ ಹೋಗಿ ಒಂದೆರಡು ವರ್ಷ ಅಲ್ಲಿಯ ಶಾಲೆಯಲ್ಲಿ ಓದಿದ್ದರೆ ಆ ಹತ್ತು ವರ್ಷದ ಲೆಕ್ಕ ತುಂಡಾಗುತ್ತದೆ. ಆದರೆ ರಾಜ್ಯದ ಸೀಟಿಗೆ ಅರ್ಹತೆ ಹೋಗುವುದಿಲ್ಲ. ಅದಕ್ಕೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುವರೆಗೆ ಕರ್ನಾಟಕದಲ್ಲಿ ಏಳು ವರ್ಷದ ಓದು ಮುಖ್ಯ. ಇವೆರಡನ್ನು ಒಂದೇ ಎಂದು ತಿಳಿದು 'ನಮಗೇನೂ ಬರೂದಿಲ್ಲ' ಎಂದು ಅರ್ಜಿಯನ್ನೇ ಬಿಡುವುದು ತಪ್ಪು.

ಗಡಿಯಾಚೆಗೆ ಹೋದರೆ ಇನ್ನೊಂದು ಬಾಗಿಲಿದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಕನ್ನಡ ಮಾತೃಭಾಷೆಯ ಮಕ್ಕಳು ಗಡಿನಾಡ ಕನ್ನಡಿಗರೆಂಬ ಕಲಮಿನಡಿ ಕರ್ನಾಟಕದ ಸೀಟು ಕೇಳಬಹುದು. ಇಂಡಿ, ಚಡಚಣದ ಬೀಗರ ಮನೆಗಳೆಲ್ಲ ಆ ಕಡೆಯೇ ಇರುವುದರಿಂದ ಈ ಸುದ್ದಿ ಅತ್ತ ಮುಟ್ಟಿಸುವುದು ಕಷ್ಟವಲ್ಲ. ಅವರು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ಅರ್ಜಿಯಲ್ಲಿ ಸರಿಯಾದ ಕಲಮು ಆರಿಸದಿದ್ದರೆ ಆ ಪರೀಕ್ಷೆಗೆ ಕರೆಯೇ ಬರುವುದಿಲ್ಲ.

371(ಜೆ)ಯದ್ದು ಸಿಂದಗಿಯಲ್ಲಿ ದಿನನಿತ್ಯದ ಗೊಂದಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನ ಕೊಟ್ಟ ಈ ಸೌಲಭ್ಯದಿಂದ ಆ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟುಗಳು ಅಲ್ಲಿಯವರಿಗೇ ಮೀಸಲು. ಉಳಿದ ಕರ್ನಾಟಕದಲ್ಲಿಯೂ ಅವರಿಗೆ ಶೇ. 8 ಉಂಟು. ಭೀಮೆ ದಾಟಿದರೆ ಅಫಜಲಪುರ, ಅದು ಕಲಬುರಗಿ ಜಿಲ್ಲೆ, ಸೌಲಭ್ಯ ಉಂಟು. ಈಚೆಯ ದಂಡೆ ವಿಜಯಪುರ ಜಿಲ್ಲೆ, ಇಲ್ಲ. 1956ಕ್ಕೆ ಮೊದಲು ಆ ದಂಡೆ ನಿಜಾಮನದು, ಈ ದಂಡೆ ಮುಂಬೈ ಪ್ರಾಂತ್ಯದ್ದು ಎಂಬ ಇತಿಹಾಸವೇ ಇದಕ್ಕೆ ಕಾರಣ. ಮಳೆ ಇಬ್ಬರಿಗೂ ಅಷ್ಟಕ್ಕಷ್ಟೇ ಎಂಬ ಮಾತು ಬೇರೆ. ಹೀಗಾಗಿ ಸಿಂದಗಿಯ ಹುಡುಗಿ ಸುಮ್ಮನೆ 'ಹೌದು' ಎನ್ನುವಂತಿಲ್ಲ. ಆದರೆ ಆಕೆಯ ತಂದೆಯೋ ತಾಯಿಯೋ ಅಫಜಲಪುರ, ಜೇವರ್ಗಿಯ ಕಡೆಯ ಸ್ಥಳೀಯರಾಗಿದ್ದರೆ ಕೇಳುವ ಹಕ್ಕು ಇರಬಹುದು. ಮುದ್ದೇಬಿಹಾಳದಲ್ಲಿ ಸುರಪುರ, ಲಿಂಗಸುಗೂರಿನ ಸಂಬಂಧವಿರುವ ಮನೆಗಳಿಗೂ ಇದೇ ಮಾತು. ಅದಕ್ಕೆ ಆಯಾ ಉಪವಿಭಾಗದ ಸಹಾಯಕ ಆಯುಕ್ತರ ಅರ್ಹತಾ ಪ್ರಮಾಣಪತ್ರ ಕೈಯಲ್ಲಿರಬೇಕು. ಪ್ರಮಾಣಪತ್ರವಿಲ್ಲದ 'ಹೌದು', ಕೇಳದೆ ಬಿಟ್ಟ 'ಇಲ್ಲ', ಎರಡೂ ನಷ್ಟವೇ.

ಪದವಿ ಕಾಲೇಜಿನ ಅರ್ಜಿಯಲ್ಲೂ ಒಂದು ಕವಲಿದೆ. ಈ ಭಾಗದ ಮಹಿಳಾ ಕಾಲೇಜುಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿದವು, ಗಂಡುಹೆಣ್ಣು ಕೂಡಿ ಓದುವ ಕಾಲೇಜುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ. ಒಂದೇ ಊರು, ಒಂದೇ ರಸ್ತೆ, ವಿಶ್ವವಿದ್ಯಾಲಯ ಬೇರೆ. ವಿಶ್ವವಿದ್ಯಾಲಯ ತಪ್ಪಿ ಆರಿಸಿದವರಿಗೆ ಪಟ್ಟಿಯಲ್ಲಿ ತಮ್ಮ ಕಾಲೇಜೇ ಕಾಣದೆ ಅಂಗಡಿಯವನ ಮೇಲೆ ರೇಗುವುದಾಗುತ್ತದೆ.

ಆರ್‌ಡಿ ಸಂಖ್ಯೆ

ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಒಂದು ಸಂಖ್ಯೆ ಇರುತ್ತದೆ. 'ಆರ್‌ಡಿ' ಎಂಬ ಎರಡು ಅಕ್ಷರ, ಆಮೇಲೆ ಹದಿಮೂರು ಅಂಕಿ. ಅರ್ಜಿಯಲ್ಲಿ ಇದನ್ನು ಹಾಕಿದೊಡನೆ ಕಂದಾಯ ಇಲಾಖೆಯ ದಾಖಲೆಯ ಜೊತೆ ತಾಳೆಯಾಗುತ್ತದೆ. ಸೊನ್ನೆಯ ಜಾಗದಲ್ಲಿ 'ಓ' ಅಕ್ಷರ ಹೊಡೆದರೆ, ಎರಡು ಅಂಕಿ ಅದಲುಬದಲಾದರೆ, ಜಾತಿಯ ಸಂಖ್ಯೆ ಆದಾಯದ ಅಂಕಣಕ್ಕೆ ಹೋದರೆ ಮೀಸಲಾತಿ ಕೈತಪ್ಪಿ ಅರ್ಜಿ ಸಾಮಾನ್ಯ ವರ್ಗಕ್ಕೆ ಜಾರುವ ಭಯ. ಇನ್ನೊಂದು, ಪ್ರಮಾಣಪತ್ರ ತಂದೆಯ ಹೆಸರಿನಲ್ಲಲ್ಲ, ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಪರಿಶಿಷ್ಟರಿಗೆ 'ಡಿ' ನಮೂನೆ, ಪ್ರವರ್ಗ 1ಕ್ಕೆ 'ಇ', 2ಎ, 2ಬಿ, 3ಎ, 3ಬಿಯವರಿಗೆ 'ಎಫ್'. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಷ್ಯ. ಹೈಸ್ಕೂಲಿಗೆ ಸೇರುವಾಗ ತೆಗೆಸಿದ್ದು ಸಿಇಟಿ ಹೊತ್ತಿಗೆ ಮುಗಿಯುವ ಹಂತಕ್ಕೆ ಬಂದಿರುತ್ತದೆ.

ಭಾವಚಿತ್ರ, ಸಹಿಗಳ ಅಳತೆಯನ್ನು ಆಯಾ ವರ್ಷದ ಸೂಚನೆಯಲ್ಲಿ ಕೊಟ್ಟಿರುತ್ತಾರೆ, ಅದರಂತೆ ಮಾಡಿದರಾಯಿತು. ಫೋನಿನಲ್ಲಿ ಮುಖ ಬೆಳ್ಳಗೆ ಮಾಡಿದ ಚಿತ್ರ ಬೇಡ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಲ್ಲುವುದು ಅದೇ ಮುಖವಲ್ಲ.

ಮೊಬೈಲ್ ಸಂಖ್ಯೆಯದು ಮಾತ್ರ ಒತ್ತಿ ಹೇಳಬೇಕಾದ ಮಾತು. ಅಂಗಡಿಯ ಹುಡುಗ ಕೆಲಸ ಬೇಗ ಮುಗಿಯಲೆಂದು ತನ್ನದೇ ಸಂಖ್ಯೆ, ತನ್ನದೇ ಇ-ಮೇಲ್ ಹಾಕಿಬಿಡುವುದುಂಟು. ಅವನ ಮನಸ್ಸಿನಲ್ಲಿ ಕಪಟವಿರಲಾರದು. ಆದರೆ ಮುಂದೆ ಫಲಿತಾಂಶ, ಕಾಲೇಜು ಆಯ್ಕೆ, ಸೀಟು ಒಪ್ಪಿಕೊಳ್ಳುವುದು ಎಲ್ಲದಕ್ಕೂ ಒಟಿಪಿ ಹೋಗುವುದು ಆ ಸಂಖ್ಯೆಗೇ. ಕೊನೆಯ ದಿನ ಸಂಜೆ ಅವನು ಬೀಗರ ಮದುವೆಗೆ ಹೋಗಿದ್ದರೆ? ದುಡಿಯಲು ಹೊರಟ ಮನೆಗಳಲ್ಲಿ ಊರು ಬದಲಾದಂತೆ ಸಿಮ್ ಬದಲಾಗುತ್ತದೆ. ಅರ್ಜಿಗೆ ಕೊಟ್ಟ ಸಂಖ್ಯೆಯನ್ನು ಸೀಟು ಕೈಗೆ ಬರುವವರೆಗಾದರೂ ಜೀವಂತ ಇಟ್ಟುಕೊಳ್ಳಬೇಕು.

ಓದುವವನೊಬ್ಬ, ನೋಡುವವನೊಬ್ಬ

ತಪ್ಪು ಹುಡುಕುವುದಕ್ಕೂ ಒಂದು ಪದ್ಧತಿಯಿದೆ. ಹಿಂದೆ ಮೊಳೆ ಜೋಡಿಸುತ್ತಿದ್ದ ಅಚ್ಚುಕೂಟಗಳಲ್ಲಿ ಕರಡು ತಿದ್ದುವಾಗ ಒಬ್ಬ ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದ, ಇನ್ನೊಬ್ಬ ಅಚ್ಚಾದ ಹಾಳೆಯ ಮೇಲೆ ಕಣ್ಣಿಡುತ್ತಿದ್ದ. ಬರೆದವನ ಕಣ್ಣಿಗೆ ಬರೆದ ತಪ್ಪು ಕಾಣುವುದಿಲ್ಲ, ಅವನು ತಾನು ಅಂದುಕೊಂಡದ್ದನ್ನೇ ಓದುತ್ತಾನೆ. ಅರ್ಜಿಗೂ ಇದೇ ಉಪಾಯ. ಕೊನೆಯ ಗುಂಡಿ ಒತ್ತುವ ಮೊದಲು ಕರಡು ಪ್ರತಿಯನ್ನು ಕಾಗದದ ಮೇಲೆ ತೆಗೆಸಿಕೊಳ್ಳಿ. ಅದಕ್ಕಾಗುವ ಖರ್ಚು ಒಂದು ಚಹಾದ ಖರ್ಚು. ಮನೆಗೆ ಒಯ್ದು ಮೂಲ ಅಂಕಪಟ್ಟಿ, ಪ್ರಮಾಣಪತ್ರ ಹರವಿಕೊಂಡು ಕೂಡ್ರಿ. ಮಗಳು ಮೂಲವನ್ನು ಒಂದೊಂದೇ ಅಕ್ಷರ ಬಿಡಿಸಿ ಓದಲಿ, ಅಣ್ಣನೋ ತಂದೆಯೋ ಕರಡಿನ ಮೇಲೆ ಬೆರಳಿಟ್ಟು ನೋಡಲಿ. ಅಂಕಿಗಳನ್ನು ನಾಲ್ಕು ನಾಲ್ಕಾಗಿ ಒಡೆದು, ಆಮೇಲೆ ಒಮ್ಮೆ ಹಿಂದಿನಿಂದ ಮುಂದಕ್ಕೆ ಓದಿದರೆ ಅದಲುಬದಲು ಸಿಕ್ಕೇ ಸಿಗುತ್ತದೆ. ಇಂಗ್ಲಿಷ್ ಬಾರದ ತಂದೆಯೂ ಅಂಕಿ ನೋಡಬಲ್ಲ. ಸಂತೆಯಲ್ಲಿ ಕುರಿ ಮಾರಿ ಲೆಕ್ಕ ತಪ್ಪದವನಿಗೆ ಹದಿಮೂರು ಅಂಕಿ ಯಾವ ಲೆಕ್ಕ?

ಈ ಕೆಲಸಕ್ಕೆ ಒಂದು ರಾತ್ರಿ ಬೇಕು. ಕೊನೆಯ ದಿನ ಬಂದವರಿಗೆ ಆ ರಾತ್ರಿ ಇರುವುದಿಲ್ಲ. ಅಂದು ಸರ್ವರ್ ಉಸಿರುಗಟ್ಟಿರುತ್ತದೆ, ಶುಲ್ಕ ಖಾತೆಯಿಂದ ಹೋಗಿರುತ್ತದೆ, ಅರ್ಜಿಯಲ್ಲಿ ಜಮೆಯಾಗಿರುವುದಿಲ್ಲ. ಗಾಬರಿಯಾಗಿ ಎರಡನೆಯ ಸಲ ಕಟ್ಟುವುದಕ್ಕಿಂತ ಮುಂಚೆ ತುಸು ಕಾದು ಸ್ಥಿತಿ ನೋಡಬೇಕು. ಶುಲ್ಕ ಜಮೆಯಾಗದ ಅರ್ಜಿ ಅರ್ಜಿಯೇ ಅಲ್ಲ ಎಂಬುದಂತೂ ಖಚಿತ. ತಿದ್ದುಪಡಿಗೆ ಆಮೇಲೆ ಅವಕಾಶ ಕೊಟ್ಟ ವರ್ಷಗಳುಂಟು. ಆದರೆ ಎಲ್ಲ ಅಂಕಣಗಳೂ ಅದರಲ್ಲಿ ತೆರೆಯುವುದಿಲ್ಲ, ಆ ದಿನಗಳು ಯಾವಾಗ ಬಂದು ಹೋದವೆಂದು ಹಳ್ಳಿಗೆ ಸುದ್ದಿ ಮುಟ್ಟುವುದೂ ಇಲ್ಲ.

ಸಿಂದಗಿಯ ಅಂಗಡಿಯಲ್ಲಿ ಆ ತಂದೆ ಕಡೆಗೂ ಮಗಳ ಮಾತಿಗೆ ಸೋಲುತ್ತಾನೆ. "ತಮ್ಮಾ, ಅಕಿ ಹೇಳಿದಂಗ ಆ ಅಕ್ಷರ ಹಾಕಿಬಿಡಪಾ." ಹುಡುಗ ಬೇಸರವಿಲ್ಲದೆ ಹಿಂದಿನ ಪುಟಕ್ಕೆ ಹೋಗುತ್ತಾನೆ. ಅಕ್ಷರ ಕೂಡುತ್ತದೆ. ಮಗಳು ಇನ್ನೊಮ್ಮೆ ಮೊದಲಿನಿಂದ ಓದುತ್ತಾಳೆ, ಹಿಂದೆ ನಿಂತವರು ಗೊಣಗುತ್ತಾರೆ. ಎರಡು ಪ್ರತಿ ಹೊರಬರುತ್ತವೆ. ಒಂದು ಆಕೆಯ ಚೀಲಕ್ಕೆ. ಇನ್ನೊಂದನ್ನು ತಂದೆ ನಾಲ್ಕು ಮಡಿಕೆ ಮಾಡಿ, ರೇಷನ್ ಕಾರ್ಡು, ಹೊಲದ ಉತಾರೆ ಇಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಸೇರಿಸುತ್ತಾನೆ.